ಮಂಗೋಲಿಯಾದವರು ಸುಮ್ನೆ ಅಲೆಯುತ್ತಾರಾ? ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗೋಲಿಯಾ ಬಗ್ಗೆ ಮಾತು ತೆಗೆದರೆ ಸಾಕು, ಮೊದಲ ಪ್ರಶ್ನೆ ಚಂಗೀಸ್ ಖಾನ್ ಬಗ್ಗೆ, ಎರಡನೆಯದು ಊಟದ ಬಗ್ಗೆ. ಮೂರನೆಯದು ಪ್ರಶ್ನೆಯೇ ಅಲ್ಲ, ತೀರ್ಮಾನ: "ಪಾಪ, ಮನೆ ಮಠ ಇಲ್ಲದೆ ಅಲೆಯುತ್ತಾರೆ." ಈ ತೀರ್ಮಾನಕ್ಕೇ ಇಲ್ಲಿ ಜಾಸ್ತಿ ಉತ್ತರ ಬರೆದಿದ್ದೇನೆ.

ಮಂಗೋಲಿಯಾ ಎಷ್ಟು ದೊಡ್ಡ ದೇಶ?

ವಿಸ್ತೀರ್ಣ ಸುಮಾರು 15.6 ಲಕ್ಷ ಚದರ ಕಿ.ಮೀ. ಎಂಟು ಕರ್ನಾಟಕ ಹಿಡಿಸುತ್ತವೆ. ಜನ ಮಾತ್ರ 35 ಲಕ್ಷದಷ್ಟು, ಅಂದರೆ ಬೆಂಗಳೂರಿನ ಅರ್ಧದಷ್ಟೂ ಇಲ್ಲ. ಅದರಲ್ಲೂ ಹತ್ತಿರ ಹತ್ತಿರ ಅರ್ಧ ಜನ ರಾಜಧಾನಿ ಉಲಾನ್‌ಬಾತರ್‌ನಲ್ಲೇ ಇದ್ದಾರೆ. ಉಳಿದ ನೆಲ ಎಷ್ಟು ಖಾಲಿ ಇರಬಹುದು ಅಂತ ನೀವೇ ಲೆಕ್ಕ ಹಾಕಿ.

ಉತ್ತರಕ್ಕೆ ರಷ್ಯಾ, ದಕ್ಷಿಣಕ್ಕೆ ಚೀನಾ, ಸಮುದ್ರ ಎಲ್ಲೂ ಇಲ್ಲ. ಉತ್ತರದಲ್ಲಿ ಕಾಡು ಮತ್ತು ಖುವ್ಸ್‌ಗುಲ್ ಸರೋವರ, ಪಶ್ಚಿಮದಲ್ಲಿ ಅಲ್ತಾಯ್ ಪರ್ವತ, ನಡುವೆ ಹುಲ್ಲುಗಾವಲು, ದಕ್ಷಿಣದಲ್ಲಿ ಗೋಬಿ ಮರುಭೂಮಿ. ಗೋಬಿ ಅಂದರೆ ಬರೀ ಮರಳು ಅಂದುಕೊಳ್ಳಬೇಡಿ. ಮರಳಿನ ದಿಬ್ಬ ಇರುವುದು ಸ್ವಲ್ಪವೇ ಜಾಗದಲ್ಲಿ, ಉಳಿದದ್ದೆಲ್ಲ ಕಲ್ಲು, ಜಲ್ಲಿ, ಅಲ್ಲಲ್ಲಿ ಒರಟು ಹುಲ್ಲು.

ಚೀನಾದಲ್ಲೂ ಒಂದು ಮಂಗೋಲಿಯಾ ಇದೆಯಲ್ಲ?

ಇದೆ. ಅದನ್ನು ಒಳ ಮಂಗೋಲಿಯಾ ಅನ್ನುತ್ತಾರೆ, ಚೀನಾದ ಸ್ವಾಯತ್ತ ಪ್ರದೇಶ. ತಮಾಷೆ ಅಂದರೆ ಮಂಗೋಲರ ಸಂಖ್ಯೆ ಸ್ವತಂತ್ರ ಮಂಗೋಲಿಯಾಕ್ಕಿಂತ ಅಲ್ಲೇ ಜಾಸ್ತಿ. ಅವರು ಇವತ್ತಿಗೂ ಮೇಲಿಂದ ಕೆಳಕ್ಕೆ ಬರೆಯುವ ಹಳೆಯ ಲಿಪಿ ಬಳಸುತ್ತಾರೆ. ಸ್ವತಂತ್ರ ದೇಶದಲ್ಲಿ ಮಾತ್ರ ಸೋವಿಯತ್ ಪ್ರಭಾವದಿಂದ 1940ರ ದಶಕದಲ್ಲಿ ರಷ್ಯನ್ನರ ಸಿರಿಲಿಕ್ ಲಿಪಿ ಬಂತು. ಈಗ ಹಳೆಯ ಲಿಪಿಯನ್ನು ಸರ್ಕಾರಿ ಕೆಲಸಕ್ಕೆ ವಾಪಸ್ ತರುತ್ತಿದ್ದಾರೆ. ರಷ್ಯಾದ ಬುರ್ಯಾತಿಯಾ, ಕಲ್ಮಿಕಿಯಾಗಳಲ್ಲೂ ಇದೇ ಬಳಗದ ಜನ ಇದ್ದಾರೆ.

ಖಾನ್ ಅಂದರೆ ಚಂಗೀಸ್ ಮುಸ್ಲಿಂ ಅಲ್ವಾ?

ಅಲ್ಲ. ಖಾನ್ ಅನ್ನುವುದು ಹುಲ್ಲುಗಾವಲಿನ ಜನ ತಮ್ಮ ಒಡೆಯನಿಗೆ ಕೊಡುತ್ತಿದ್ದ ಬಿರುದು. ಇಸ್ಲಾಂಗೂ ಅದಕ್ಕೂ ಮೂಲದಲ್ಲಿ ಸಂಬಂಧ ಇಲ್ಲ. ಅವನ ಸ್ವಂತ ಹೆಸರು ತೆಮುಜಿನ್. 1206ರಲ್ಲಿ ಒನೋನ್ ನದಿಯ ಹತ್ತಿರ ಎಲ್ಲ ಕುಲಗಳೂ ಸೇರಿ ಅವನನ್ನು ಚಂಗೀಸ್ ಖಾನ್ ಅಂತ ಒಪ್ಪಿಕೊಂಡವು, 1227ರಲ್ಲಿ ಸತ್ತ. ಅವನು ಕೈಮುಗಿಯುತ್ತಿದ್ದದ್ದು ನೀಲಿ ಆಕಾಶಕ್ಕೆ, ಅದನ್ನು ತೆಂಗ್ರಿ ಅನ್ನುತ್ತಿದ್ದರು. ಪರ್ಷಿಯಾವನ್ನು ಆಳಿದ ಅವನ ಪೀಳಿಗೆಯವರು ಇಸ್ಲಾಂಗೆ ಸೇರಿದ್ದು ಆಮೇಲೆ.

ನಮ್ಮ ಪಾಠಪುಸ್ತಕದ "ಮೊಘಲ್" ಕೂಡ ಮಂಗೋಲ್ ಅನ್ನುವುದರ ಪರ್ಷಿಯನ್ ರೂಪ. ಬಾಬರ್ ತಂದೆಯ ಕಡೆಯಿಂದ ತೈಮೂರನ ವಂಶ, ತಾಯಿಯ ಕಡೆಯಿಂದ ಚಂಗೀಸನ ವಂಶ.

ಹಾಗಾದರೆ ಅಲೆಮಾರಿಗಳಲ್ವಾ ಅವರು?

ಈ ಪದವೇ ನಮ್ಮನ್ನು ದಾರಿ ತಪ್ಪಿಸುವುದು. ಅಲೆಮಾರಿ ಅಂದ ಕೂಡಲೇ ಗೊತ್ತು ಗುರಿ ಇಲ್ಲದೆ ಓಡಾಡುವವರು ಅನ್ನಿಸುತ್ತದೆ. ಮಂಗೋಲಿಯಾದ ಕುರಿ ಕುದುರೆ ಕಾಯುವ ಮನೆಯವರು ಹಾಗಲ್ಲ, ನಾಲ್ಕು ಮನೆಯಿರುವ ಯಜಮಾನರ ಹಾಗೆ. ಚಳಿಗಾಲಕ್ಕೆ ಒಂದು ಜಾಗ, ವಸಂತಕ್ಕೆ ಒಂದು, ಬೇಸಿಗೆಗೆ ಒಂದು, ಶರತ್ಕಾಲಕ್ಕೆ ಒಂದು. ನಾಲ್ಕಕ್ಕೂ ಬೇರೆ ಬೇರೆ ಹೆಸರಿದೆ. ಈ ವರ್ಷ ಹೋದ ಜಾಗಕ್ಕೇ ಮುಂದಿನ ವರ್ಷವೂ ಸಾಮಾನ್ಯವಾಗಿ ಹೋಗುತ್ತಾರೆ, ಅವರ ಅಪ್ಪ ಅಜ್ಜನೂ ಅಲ್ಲಿಗೇ ಹೋಗುತ್ತಿದ್ದಿರಬಹುದು.

ಚಳಿಗಾಲದ ಜಾಗ ಎಲ್ಲಕ್ಕಿಂತ ಮುಖ್ಯ. ಬೆಟ್ಟದ ದಕ್ಷಿಣ ಮಗ್ಗುಲಲ್ಲಿ, ಬಡಗಣ ಗಾಳಿ ತಾಕದ ಹಾಗೆ, ಕಲ್ಲಿನದೋ ಮರದ್ದೋ ದೊಡ್ಡಿ ಕಟ್ಟಿರುತ್ತಾರೆ. ಅದರ ನೆಲದಲ್ಲಿ ವರ್ಷಾನುಗಟ್ಟಲೆ ಕುರಿ ಹಿಕ್ಕೆ ತುಳಿದು ತುಳಿದು ಗಟ್ಟಿಯಾಗಿರುತ್ತದೆ, ಅದೇ ಪ್ರಾಣಿಗಳಿಗೆ ಬೆಚ್ಚನೆಯ ಹಾಸಿಗೆ. ಹೆಚ್ಚಾದದ್ದನ್ನು ಇಟ್ಟಿಗೆಯ ಹಾಗೆ ಕತ್ತರಿಸಿ ಒಣಗಿಸಿ ಒಲೆಗೆ ಹಾಕುತ್ತಾರೆ. ಇಂಥ ಜಾಗವನ್ನು ಬೇರೆಯವರು ಬೇಸಿಗೆಯಲ್ಲಿ ಮೇಯಿಸಿ ಖಾಲಿ ಮಾಡಿದರೆ ಜಗಳವೇ ಆಗುತ್ತದೆ, ಯಾಕೆಂದರೆ ಅಲ್ಲಿನ ಹುಲ್ಲು ಚಳಿಗಾಲಕ್ಕೆ ಅಂತ ಬಿಟ್ಟ ಹುಲ್ಲು, ನಾವು ಬಣವೆ ಒಟ್ಟಿ ಇಟ್ಟುಕೊಂಡ ಹಾಗೆ, ಅವರದು ನಿಂತ ಬಣವೆ ಅಷ್ಟೆ.

ಹುಲ್ಲು ಚೆನ್ನಾಗಿರುವ ಕಡೆ ವರ್ಷಕ್ಕೆ ಎರಡೋ ನಾಲ್ಕೋ ಸಲ ಸ್ಥಳ ಬದಲಿಸಿದರೆ ಸಾಕು. ಗೋಬಿಯಲ್ಲಿ ಅದಕ್ಕಿಂತ ಜಾಸ್ತಿ. ಬರ ಬಂದ ವರ್ಷ ಮಾತ್ರ ಮಾಮೂಲಿ ದಾರಿ ಬಿಟ್ಟು, ಮನೆಯ ಕೆಲವರು ಹಿಂಡು ಹೊಡೆದುಕೊಂಡು ದೂರದ ಸೀಮೆಗೆ ಹೋಗುತ್ತಾರೆ. ಇದಕ್ಕೆ ಓತೊರ್ ಅನ್ನುತ್ತಾರೆ. ಉತ್ತರ ಕರ್ನಾಟಕದಲ್ಲಿ ಕುರಿಗಾರರು ಹಿಂಡಿನ ಜೊತೆ ತಿಂಗಳುಗಟ್ಟಲೆ ಊರು ಬಿಟ್ಟಿರುವುದನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ.

ಅಷ್ಟೊಂದು ನೆಲ ಯಾರ ಹೆಸರಲ್ಲಿದೆ? ಪಹಣಿ ಗಿಹಣಿ ಇದೆಯಾ?

ಹುಲ್ಲುಗಾವಲು ಯಾರ ಹೆಸರಲ್ಲೂ ಇಲ್ಲ. 1992ರ ಸಂವಿಧಾನದಲ್ಲೇ ಬರೆದಿದೆ, ಮೇವಿನ ನೆಲ ಖಾಸಗಿ ಆಸ್ತಿ ಆಗುವ ಹಾಗಿಲ್ಲ. ದೇಶವೇ ಒಂದು ದೊಡ್ಡ ಗೋಮಾಳ ಅಂದುಕೊಳ್ಳಿ, ಆದರೆ ಒತ್ತುವರಿ ಆಗದ ಗೋಮಾಳ. ಚಳಿಗಾಲದ ಬೀಡಿಗೆ ಮಾತ್ರ ಮನೆಯವರಿಗೆ ಪತ್ರ ಕೊಡುತ್ತಾರೆ. ಪ್ರಾಣಿ ಸ್ವಂತದ್ದು, ಹುಲ್ಲು ಎಲ್ಲರದ್ದು. ಕೇಳುವುದಕ್ಕೆ ಚೆನ್ನಾಗಿದೆ, ತೊಂದರೆಯೂ ಇಲ್ಲಿಂದಲೇ ಶುರು. ಅದು ಮುಂದೆ ಬರುತ್ತದೆ.

ಯಾವ ಯಾವ ಪ್ರಾಣಿ ಸಾಕುತ್ತಾರೆ?

ಐದು: ಕುದುರೆ, ಒಂಟೆ, ದನ, ಕುರಿ, ಆಡು. ಒಟ್ಟಿಗೆ "ಐದು ಮೂತಿ" ಅನ್ನುತ್ತಾರೆ. ದನದ ಲೆಕ್ಕದಲ್ಲೇ ಬೆಟ್ಟದ ಕಡೆಯ ಯಾಕ್ ಕೂಡ ಸೇರುತ್ತದೆ. ಒಂಟೆ ಎರಡು ಡುಬ್ಬದ್ದು. ಕುದುರೆ ಮತ್ತು ಕುರಿಗೆ "ಬಿಸಿ ಮೂತಿ", ಉಳಿದ ಮೂರಕ್ಕೆ "ತಣ್ಣನೆ ಮೂತಿ" ಅಂತ ಇನ್ನೊಂದು ವಿಂಗಡಣೆ. ಬಿಸಿ ಮೂತಿಯವಕ್ಕೆ ಮರ್ಯಾದೆ ಜಾಸ್ತಿ. ಎಲ್ಲ ಸೇರಿದರೆ 5ರಿಂದ 7 ಕೋಟಿ, ವರ್ಷ ವರ್ಷಕ್ಕೆ ಏರಿಳಿಯುತ್ತದೆ. ಕುದುರೆಗಳೇ ಜನರಿಗಿಂತ ಜಾಸ್ತಿ.

ಸಾಮಾನ್ಯವಾಗಿ ಕುದುರೆಗೆ ಹೆಸರಿಡುವುದಿಲ್ಲ, ಮೈಬಣ್ಣದಿಂದ ಕರೆಯುತ್ತಾರೆ. ಬಣ್ಣ, ಮಚ್ಚೆ, ಪಟ್ಟೆ ಹೇಳುವುದಕ್ಕೇ ಭಾಷೆಯಲ್ಲಿ ನೂರಾರು ಪದಗಳಿವೆ. ಹಿಮ ಬಿದ್ದಾಗ ಕುದುರೆ ಮುಂದೆ ಹೋಗಿ ಗೊರಸಿನಿಂದ ಕೆದರುತ್ತದೆ, ಕುರಿ ಹಿಂದಿನಿಂದ ಬಂದು ಉಳಿದದ್ದು ಮೇಯುತ್ತದೆ.

ಒಂಟೆಯ ವಿಷಯ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ತಾಯಿ ಒಂಟೆ ಕೆಲವೊಮ್ಮೆ ತನ್ನ ಮರಿಯನ್ನೇ ಹತ್ತಿರ ಸೇರಿಸುವುದಿಲ್ಲ, ಅಥವಾ ತಾಯಿ ಸತ್ತ ಮರಿಗೆ ಇನ್ನೊಂದು ಒಂಟೆಯ ಹಾಲು ಕುಡಿಸಬೇಕಾಗುತ್ತದೆ. ಆಗ ಮನೆಯವರು ತಾಯಿ ಮರಿ ಎರಡನ್ನೂ ಹತ್ತಿರ ಕಟ್ಟಿ, "ಖೂಸ್, ಖೂಸ್" ಅಂತ ಒಂದೇ ರಾಗದಲ್ಲಿ ಹಾಡುತ್ತಾರೆ, ಜೊತೆಗೆ ಕುದುರೆ ತಲೆಯ ಪಿಟೀಲು ಮೊರಿನ್ ಖೂರ್ ನುಡಿಸುತ್ತಾರೆ. ಗಂಟೆಗಟ್ಟಲೆ. ಕೊನೆಗೆ ಒಂಟೆ ಕಣ್ಣಲ್ಲಿ ನೀರು ಹಾಕಿಕೊಂಡು ಮರಿಗೆ ಕೆಚ್ಚಲು ಬಿಡುತ್ತದೆ ಅನ್ನುತ್ತಾರೆ. ಹಾಡುವವರು ಕಡಿಮೆಯಾಗುತ್ತಿದ್ದಾರೆ ಅಂತ ಯುನೆಸ್ಕೊ 2015ರಲ್ಲಿ ಇದನ್ನು ತುರ್ತಾಗಿ ಉಳಿಸಬೇಕಾದ ಪಟ್ಟಿಗೆ ಸೇರಿಸಿತು.

ಅವರ ಮನೆ ಹೇಗಿರುತ್ತದೆ? ಟೆಂಟ್ ತಾನೇ?

ಟೆಂಟ್ ಅಂದರೆ ಅವರಿಗೆ ಬೇಜಾರಾಗಬಹುದು. ಅದರ ಹೆಸರು ಗೆರ್. ಹೊರಗಿನವರು ಯುರ್ತ್ ಅನ್ನುತ್ತಾರೆ. ಮಡಿಚಿ ಬಿಡಿಸಬಹುದಾದ ಮರದ ಜಾಲರಿ ಗೋಡೆ, ನಡುವೆ ಎರಡು ಕಂಬ, ಕಂಬದ ಮೇಲೆ ಬಂಡಿ ಚಕ್ರದ ಹಾಗಿರುವ ದುಂಡನೆಯ ತೋನೊ, ತೋನೊದಿಂದ ಗೋಡೆಗೆ ಇಳಿಯುವ ಉದ್ದ ಕೋಲುಗಳು. ಇದರ ಮೇಲೆ ಉಣ್ಣೆಯ ದಪ್ಪ ಹೊದಿಕೆ, ಚಳಿಗಾಲದಲ್ಲಿ ಎರಡು ಮೂರು ಪದರ, ಎಲ್ಲಕ್ಕೂ ಮೇಲೆ ಬಿಳಿ ಬಟ್ಟೆ. ಸುತ್ತ ಹಗ್ಗ. ಮೂರು ನಾಲ್ಕು ಜನ ಸೇರಿದರೆ ಒಂದೆರಡು ಗಂಟೆಯಲ್ಲಿ ಎದ್ದು ನಿಲ್ಲುತ್ತದೆ. ಮೊದಲು ಒಂಟೆ ಮೇಲೆ, ಎತ್ತಿನ ಗಾಡಿ ಮೇಲೆ ಹೇರುತ್ತಿದ್ದರು, ಈಗ ಪುಟ್ಟ ಲಾರಿ.

ಉಣ್ಣೆಯ ಹೊದಿಕೆ ಅಂದೆನಲ್ಲ, ಅದು ನಮ್ಮ ಕಂಬಳಿಯ ಹಾಗೆ ಮಗ್ಗದಲ್ಲಿ ನೇಯ್ದದ್ದಲ್ಲ. ಕುರಿ ಉಣ್ಣೆಯನ್ನು ಕೋಲಿನಿಂದ ಬಡಿದು ಬಿಡಿಸಿ, ಹಳೆಯ ಹೊದಿಕೆಯೊಂದರ ಮೇಲೆ ಹರಡಿ, ನೀರು ಚಿಮುಕಿಸಿ, ಕಂಬಕ್ಕೆ ಸುತ್ತಿ ಕಟ್ಟಿ, ಕುದುರೆಯಿಂದ ಹುಲ್ಲುಗಾವಲಲ್ಲಿ ಎಳೆಸುತ್ತಾರೆ. ಉರುಳಿ ಉರುಳಿ ಎಳೆಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಕೆಳಗೆ ಹಾಸಿದ ಹಳೆಯದಕ್ಕೆ "ತಾಯಿ" ಅಂತಲೇ ಹೆಸರು.

ಬಾಗಿಲು ಯಾವಾಗಲೂ ದಕ್ಷಿಣಕ್ಕೆ. ಪಡುವಣ ಬದಿ ಗಂಡಸರ ಸಾಮಾನು, ಅಂದರೆ ಜೀನು, ಲಗಾಮು. ಮೂಡಣ ಬದಿ ಅಡಿಗೆ ಪಾತ್ರೆ. ಬಾಗಿಲಿಗೆ ಎದುರಾದ ಬಡಗಣ ಬದಿ ದೇವರಿಗೆ, ಹಿರಿಯರಿಗೆ, ಬಂದ ನೆಂಟರಿಗೆ. ತೋನೊದಿಂದ ಬೀಳುವ ಬಿಸಿಲು ಎಲ್ಲಿ ಬಿತ್ತು ಅಂತ ನೋಡಿ ಹೊತ್ತು ಹೇಳುತ್ತಿದ್ದರು. ಹೊಗೆ ಹೋಗುವ ಕಿಂಡಿಯಲ್ಲೇ ಗಡಿಯಾರ!

ಮರವೇ ಇಲ್ಲದ ಕಡೆ ಒಲೆಗೆ ಏನು ಹಾಕುತ್ತಾರೆ?

ಸಗಣಿ. ಬೆರಣಿ ತಟ್ಟುವ ಕೆಲಸವೂ ಇಲ್ಲ, ಅಷ್ಟು ಒಣ ಹವೆ. ಬಿದ್ದಲ್ಲೇ ಒಣಗಿದ ಸಗಣಿಯನ್ನು ಬೆನ್ನಿಗೆ ಬುಟ್ಟಿ ಕಟ್ಟಿಕೊಂಡು ಆರಿಸಿ ತರುತ್ತಾರೆ. ಇದಕ್ಕೆ ಅರ್ಗಲ್ ಅಂತ ಹೆಸರು.

ನಾನು ಸಸ್ಯಾಹಾರಿ. ಅಲ್ಲಿಗೆ ಹೋದರೆ ಉಪವಾಸವೇ ಗತಿಯಾ?

ಹಳ್ಳಿಗಾಡಿನಲ್ಲಿ ಕಷ್ಟ ಅಂತ ನೇರವಾಗಿ ಹೇಳಿಬಿಡುತ್ತೇನೆ. ತರಕಾರಿ ಅನ್ನುವುದು ಅವರ ಅಡಿಗೆಯ ಬೆನ್ನೆಲುಬಲ್ಲ, ಹೇಗಾದೀತು, ಬೆಳೆ ತೆಗೆಯಲು ನೆಲ ಬೆಚ್ಚಗಿರುವ ದಿನಗಳೇ ಕಡಿಮೆ. ಚಳಿಗಾಲ "ಕೆಂಪು ಊಟ", ಅಂದರೆ ಮಾಂಸ. ಬೂಜ್ ಅನ್ನುವ ಹಬೆಯ ಕಡುಬು, ಖೂಶೂರ್ ಅನ್ನುವ ಕರಿದ ಕಡುಬು, ಎರಡರ ಒಳಗೂ ಮಾಂಸ. ಕಾದ ಕಲ್ಲುಗಳ ಜೊತೆ ಮಾಂಸವನ್ನು ಪಾತ್ರೆಯಲ್ಲಿ ಮುಚ್ಚಿ ಬೇಯಿಸುವ ಖೋರ್ಖೋಗ್ ವಿಶೇಷದ ದಿನಕ್ಕೆ.

ಬೇಸಿಗೆಯಲ್ಲಿ ಹೋದರೆ ಬೇರೆ ಲೋಕ. ಆಗ "ಬಿಳಿ ಊಟ": ಮೊಸರು, ಬೆಣ್ಣೆ, ಹಾಲು ಕುದಿಸಿ ತೆಗೆದ ದಪ್ಪ ಕೆನೆ, ಗಿಣ್ಣಿನ ಥರದ ಗಡ್ಡೆಗಳು. ಆರೂಲ್ ಅಂತ ಒಂದಿದೆ, ಮೊಸರಿನ ನೀರು ತೆಗೆದು, ಗೆರ್‌ನ ಮೇಲೆ ಹಪ್ಪಳ ಒಣಗಿಸಿದ ಹಾಗೆ ಬಿಸಿಲಿಗಿಟ್ಟು ಮಾಡುವುದು. ಕಲ್ಲಿನಷ್ಟು ಗಟ್ಟಿ, ಹುಳಿ. ಹಲ್ಲಿನ ಮೇಲೆ ಪ್ರೀತಿ ಇದ್ದರೆ ಚೀಪಿ, ಕಡಿಯಬೇಡಿ. ಚಹಾಕ್ಕೆ ಹಾಲು ಹಾಕುತ್ತಾರೆ, ಸಕ್ಕರೆ ಬದಲು ಉಪ್ಪು. ಚಹಾ ಅಂದುಕೊಂಡು ಕುಡಿದರೆ ಮುಖ ಹಿಂಡುತ್ತೀರಿ, ತೆಳು ಸಾರು ಅಂದುಕೊಂಡು ಕುಡಿದರೆ ರುಚಿ ಹತ್ತುತ್ತದೆ.

ಮತ್ತೆ ಐರಗ್. ಹೆಣ್ಣು ಕುದುರೆಯ ಹಾಲನ್ನು ತೊಗಲಿನ ಚೀಲದಲ್ಲಿ ಹುಳಿ ಬರಿಸಿ, ಸಾವಿರಾರು ಸಲ ಕಡೆದು ಮಾಡುವ ಪಾನೀಯ. ಸ್ವಲ್ಪ ಅಮಲಿರುತ್ತದೆ. ಬೇಸಿಗೆಯಲ್ಲಿ ಕುದುರೆಯನ್ನು ಎರಡು ಗಂಟೆಗೊಮ್ಮೆ ಕರೆಯಬೇಕು, ಒಂದು ಸಲಕ್ಕೆ ಸಿಗುವ ಹಾಲು ಅಷ್ಟು ಕಡಿಮೆ. ಚೀಲ ಬಾಗಿಲ ಪಕ್ಕದಲ್ಲೇ ತೂಗಿರುತ್ತದೆ, ಒಳಗೆ ಬಂದವರು ಯಾರಾದರೂ ಸರಿ, ನಾಲ್ಕು ಸಲ ಕಡೆದು ಮುಂದೆ ಹೋಗಬೇಕು.

ನಿಜವಾಗಲೂ ಮೈನಸ್ 40 ಡಿಗ್ರಿ ಇರುತ್ತದಾ?

ಚಳಿಗಾಲದ ರಾತ್ರಿ ಎಷ್ಟೋ ಕಡೆ ಇರುತ್ತದೆ. ಹಾಗಂತ ಮಬ್ಬು ಕವಿದ ದೇಶ ಅಲ್ಲ, ವರ್ಷದಲ್ಲಿ 250ಕ್ಕೂ ಹೆಚ್ಚು ದಿನ ಬಿಸಿಲು.

ಚಳಿಯನ್ನು ಎಣಿಸುವ ಅವರ ರೀತಿ ನನಗೆ ತುಂಬಾ ಇಷ್ಟ. ಡಿಸೆಂಬರ್‌ನ ಅತಿ ಗಿಡ್ಡ ಹಗಲಿನಿಂದ ಶುರುಮಾಡಿ ಒಂಬತ್ತು ದಿನದ ಒಂಬತ್ತು ಕಂತು, ಒಟ್ಟು 81 ದಿನ. ಮೊದಲ ಒಂಬತ್ತರಲ್ಲಿ ಹಾಲಿನಿಂದ ಇಳಿಸಿದ ಸಾರಾಯಿ ಹೆಪ್ಪುಗಟ್ಟುತ್ತದೆ. ಎರಡನೆಯದರಲ್ಲಿ ಎರಡು ಸಲ ಇಳಿಸಿದ ಗಡುಸು ಸಾರಾಯಿಯೂ ಹೆಪ್ಪುಗಟ್ಟುತ್ತದೆ. ಮೂರರಲ್ಲಿ ಮೂರು ವರ್ಷದ ಹೋರಿಯ ಕೊಂಬು, ನಾಲ್ಕರಲ್ಲಿ ನಾಲ್ಕು ವರ್ಷದ ಹೋರಿಯ ಕೊಂಬು ಮರಗಟ್ಟುತ್ತದೆ. ಐದರಲ್ಲಿ ಬೇಯಿಸಿದ ಅನ್ನ ಹೊರಗಿಟ್ಟರೂ ಹೆಪ್ಪುಗಟ್ಟುವುದಿಲ್ಲ. ಆರರಲ್ಲಿ ಹಿಮದ ನಡುವೆ ದಾರಿ ಕಾಣುತ್ತದೆ, ಏಳರಲ್ಲಿ ಗುಡ್ಡದ ನೆತ್ತಿ ಕಪ್ಪಾಗುತ್ತದೆ, ಎಂಟರಲ್ಲಿ ನೆಲ ಒದ್ದೆ, ಒಂಬತ್ತಕ್ಕೆ ಬೆಚ್ಚಗೆ. ನಮ್ಮವರು ಮಳೆ ನಕ್ಷತ್ರ ಒಂದೊಂದಕ್ಕೂ ಗಾದೆ ಕಟ್ಟಿದರು, ಅವರು ಚಳಿಗೆ ಕಟ್ಟಿದರು.

ಜುದ್ ಅಂದರೇನು? ಸುದ್ದಿಯಲ್ಲಿ ಓದಿದೆ.

ಪ್ರಾಣಿಗಳು ಮೇವಿಲ್ಲದೆ ಗುಂಪು ಗುಂಪಾಗಿ ಸಾಯುವ ಚಳಿಗಾಲ. ಹಿಮ ಆಳವಾಗಿ ಬಿದ್ದರೆ ಬಿಳಿ ಜುದ್. ಹಿಮವೇ ಬೀಳದೆ ಕುಡಿಯಲು ಏನೂ ಇಲ್ಲದಾದರೆ ಕಪ್ಪು ಜುದ್. ಹಿಮ ಕರಗಿ ಮತ್ತೆ ಗಟ್ಟಿಯಾಗಿ ಹುಲ್ಲಿನ ಮೇಲೆ ಗಾಜಿನ ಹಾಗೆ ಕೂತರೆ ಕಬ್ಬಿಣದ ಜುದ್, ಗೊರಸಿನಿಂದ ಒಡೆಯಲೂ ಆಗುವುದಿಲ್ಲ. ಬೇಸಿಗೆಯಲ್ಲಿ ಬರ ಬಂದು ಪ್ರಾಣಿಗಳು ಕೊಬ್ಬು ಕಟ್ಟದೆ ಹೋಗಿದ್ದರಂತೂ ಮುಗಿಯಿತು. 2009–10ರ ಚಳಿಗಾಲದಲ್ಲಿ 80 ಲಕ್ಷಕ್ಕೂ ಜಾಸ್ತಿ, 2023–24ರಲ್ಲಿ 70 ಲಕ್ಷಕ್ಕೂ ಜಾಸ್ತಿ ಪ್ರಾಣಿಗಳು ಸತ್ತವು. ಒಂದೇ ಚಳಿಗಾಲದಲ್ಲಿ ಇಡೀ ಹಿಂಡು ಕಳೆದುಕೊಂಡವರಿಗೆ ಉಳಿಯುವ ದಾರಿ ಉಲಾನ್‌ಬಾತರ್.

ಇದಕ್ಕೆ ಬರೀ ಹವೆಯನ್ನು ದೂರಿದರೆ ಅರ್ಧ ಸತ್ಯ. ಸೋವಿಯತ್ ಕಾಲದಲ್ಲಿ ಹಿಂಡುಗಳೆಲ್ಲ ಸಾಮೂಹಿಕ ಸಂಘಗಳ ಕೈಯಲ್ಲಿದ್ದವು, ಮೇವು, ಪಶುವೈದ್ಯ ಎಲ್ಲ ಸಂಘದ ಹೊಣೆ. 1990ರ ನಂತರ ಸಂಘಗಳು ಮುಚ್ಚಿದವು, ಪ್ರಾಣಿಗಳನ್ನು ಮನೆಮನೆಗೆ ಹಂಚಿದರು, ಕಾರ್ಖಾನೆ ಕೆಲಸ ಕಳೆದುಕೊಂಡವರೂ ಹಿಂಡು ಕಟ್ಟಿದರು. ಕೈಗೆ ಕಾಸು ಬರುತ್ತಿದ್ದದ್ದು ಆಡಿನ ಒಳಗೂದಲಿನಿಂದ, ಅದೇ ಕ್ಯಾಶ್ಮೀರ್. 1990ರಲ್ಲಿ 50 ಲಕ್ಷದಷ್ಟಿದ್ದ ಆಡುಗಳು ಈಗ 2 ಕೋಟಿ ದಾಟಿವೆ. ಆಡು ಹುಲ್ಲನ್ನು ಬುಡಸಹಿತ ಕೀಳುತ್ತದೆ. ಹುಲ್ಲು ಎಲ್ಲರದ್ದು ಅಂದೆನಲ್ಲ, ಒಬ್ಬರು ಆಡು ಕಡಿಮೆ ಮಾಡಿದರೆ ಆ ಹುಲ್ಲನ್ನು ಪಕ್ಕದವರ ಆಡು ತಿನ್ನುತ್ತದೆ. ಯಾರು ಮೊದಲು ಕಡಿಮೆ ಮಾಡುತ್ತಾರೆ ಹೇಳಿ?

ಅವರ ಧರ್ಮ ಯಾವುದು? ನಮಗೂ ಅವರಿಗೂ ಏನಾದರೂ ಸಂಬಂಧ ಇದೆಯಾ?

ಹೆಚ್ಚಿನವರು ಟಿಬೆಟ್ ದಾರಿಯ ಬೌದ್ಧರು, ಜೊತೆಗೆ ಆಕಾಶ, ಬೆಟ್ಟ, ನೀರಿನ ಹಳೆಯ ಪೂಜೆಯೂ ಇದೆ. ಬೆಟ್ಟ ದಾಟುವ ದಾರಿಗಳಲ್ಲಿ ಓವೋ ಅನ್ನುವ ಕಲ್ಲಿನ ಗುಡ್ಡೆ ಕಾಣುತ್ತದೆ, ದಾರಿಹೋಕರು ಒಂದು ಕಲ್ಲು ಹಾಕಿ ಮೂರು ಪ್ರದಕ್ಷಿಣೆ ಬರುತ್ತಾರೆ. ಪಶ್ಚಿಮದಲ್ಲಿ ಹದ್ದು ಪಳಗಿಸಿ ಬೇಟೆಯಾಡುವ ಕಜಖರು ಮುಸ್ಲಿಮರು. 1930ರ ದಶಕದ ಕೊನೆಯಲ್ಲಿ ಕಮ್ಯುನಿಸ್ಟ್ ಸರ್ಕಾರ ನೂರಾರು ಮಠಗಳನ್ನು ಕೆಡವಿ ಸಾವಿರಾರು ಲಾಮಾಗಳನ್ನು ಕೊಂದಿತು. 1990ರ ಮೇಲೆ ಮಠಗಳು ಮತ್ತೆ ತೆರೆದವು. ಆ ಹತ್ತು ವರ್ಷ ಭಾರತದ ರಾಯಭಾರಿಯಾಗಿ ಅಲ್ಲಿದ್ದವರು ಸ್ವತಃ ಲಾಮಾ, ಲಡಾಖ್‌ನ ಕುಶೋಕ್ ಬಕುಲ ರಿಂಪೋಚೆ.

ಕರ್ನಾಟಕದ ನಂಟು ಉತ್ತರ ಕನ್ನಡದ ಮುಂಡಗೋಡಿನಲ್ಲಿದೆ. ಅಲ್ಲಿನ ಡ್ರೆಪುಂಗ್ ಗೋಮಾಂಗ್ ಮಠಕ್ಕೆ ಮಂಗೋಲಿಯಾದ ಹುಡುಗರು ಓದಲು ಬರುತ್ತಾರೆ. ಈ ಮಠ ಮೊದಲು ಟಿಬೆಟ್‌ನಲ್ಲಿದ್ದಾಗಲೂ ಮಂಗೋಲರು ಸೇರುತ್ತಿದ್ದದ್ದು ಇದೇ ಗೋಮಾಂಗ್‌ಗೆ.

ಇನ್ನೊಂದು ನಂಟು ಅವರ ಆಕಾಶದಲ್ಲೇ ಇದೆ. ಗ್ರಹಗಳಿಗೆ ಮಂಗೋಲರು ಏನನ್ನುತ್ತಾರೆ ಗೊತ್ತಾ? ಬುಧ ಬುದ್, ಶುಕ್ರ ಸುಗರ್, ಮಂಗಳ ಅಂಗರಗ್, ಗುರು ಬರ್ಖಸ್ಬದಿ, ಶನಿ ಸಂಚಿರ್. ಅಂಗಾರಕ, ಬೃಹಸ್ಪತಿ, ಶನೈಶ್ಚರ ಅಂತ ಒಮ್ಮೆ ಬಾಯಲ್ಲಿ ಹೇಳಿ ನೋಡಿ.

"ಹೆಸರಿಲ್ಲ" ಅಂತಲೂ ಹೆಸರಿಡುತ್ತಾರಂತೆ, ನಿಜವಾ?

ನಿಜ. ನೆರ್ಗೂಯ್ ಅಂದರೆ "ಹೆಸರಿಲ್ಲ", ಖೂನ್‌ಬಿಶ್ ಅಂದರೆ "ಮನುಷ್ಯನಲ್ಲ". ಮಕ್ಕಳು ಉಳಿಯದ ಮನೆಯಲ್ಲಿ ದುಷ್ಟಶಕ್ತಿಯನ್ನು ಏಮಾರಿಸಲು ಇಡುವ ಹೆಸರುಗಳು. ನಮ್ಮಲ್ಲಿ ಮಗುವನ್ನು ತಿಪ್ಪೆಯಲ್ಲಿ ಹೊರಳಿಸಿ ತಿಪ್ಪಯ್ಯ, ತಿಪ್ಪಮ್ಮ ಅಂತ ಕರೆದದ್ದೂ ಇದಕ್ಕೇ ಅಲ್ವಾ?

ನಾದಮ್ ಹಬ್ಬದಲ್ಲಿ ಏನಿರುತ್ತದೆ?

ಜುಲೈ 11ರಿಂದ ಮೂರು ದಿನ. ಕುಸ್ತಿ, ಕುದುರೆ ಓಟ, ಬಿಲ್ಲುಗಾರಿಕೆ. ಕುದುರೆ ಓಡಿಸುವವರು ಮಕ್ಕಳು, ಓಟದ ದೂರ ಹತ್ತಾರು ಕಿ.ಮೀ. ಹೊಗಳಿಕೆ ಸಿಗುವುದು ಕುದುರೆಗೆ. ಮಕ್ಕಳು ಬಿದ್ದು ಪೆಟ್ಟು ತಿನ್ನುವುದರ ಬಗ್ಗೆ ಅಲ್ಲೇ ಜೋರು ಚರ್ಚೆ ಇದೆ, ಇರಬೇಕಾದದ್ದೇ. ಕುಸ್ತಿಯಲ್ಲಿ ಗೆದ್ದವರಿಗೆ ಗಿಡುಗ, ಆನೆ, ಸಿಂಹ ಅಂತ ಬಿರುದು. ಆನೆಯೂ ಸಿಂಹವೂ ಆ ದೇಶದಲ್ಲಿ ಇಲ್ಲವೇ ಇಲ್ಲ!

ಈಗಲೂ ಜನ ಹೀಗೇ ಬದುಕುತ್ತಾರಾ?

ನಾಲ್ಕರಲ್ಲಿ ಒಬ್ಬರು ಅನ್ನಬಹುದು. ಗೆರ್‌ನ ಹೊರಗೆ ಸೋಲಾರ್ ಫಲಕ, ಡಿಶ್, ಕುದುರೆ ಪಕ್ಕ ಮೋಟಾರ್ ಸೈಕಲ್ಲು. ಹವಾಮಾನ ಮೊಬೈಲಲ್ಲಿ ನೋಡುತ್ತಾರೆ. ಶಾಲೆಗೆ ಹೋಗುವ ಮಕ್ಕಳು ತಾಲ್ಲೂಕು ಕೇಂದ್ರದಂಥ ಊರಿನ ಹಾಸ್ಟೆಲಲ್ಲಿ ಇರುತ್ತಾರೆ. ಗಂಡುಮಕ್ಕಳನ್ನು ಹಿಂಡು ಕಾಯಲು ಶಾಲೆ ಬಿಡಿಸಿದ್ದುಂಟು, ಹೆಣ್ಣುಮಕ್ಕಳನ್ನು ಓದಿಸಿದರು, ಹಾಗಾಗಿ ಕಾಲೇಜುಗಳಲ್ಲಿ ಹುಡುಗಿಯರೇ ಜಾಸ್ತಿ.

ನಗರ ಸೇರಿದವರು ಗೆರ್ ಸಮೇತ ಬಂದರು. ಉಲಾನ್‌ಬಾತರ್ ಸುತ್ತಿನ ಗುಡ್ಡಗಳಲ್ಲಿ ಬೇಲಿ ಹಾಕಿಕೊಂಡ ಗೆರ್‌ಗಳ ಬಡಾವಣೆಗಳೇ ಇವೆ. ಅಲ್ಲಿ ಅರ್ಗಲ್ ಎಲ್ಲಿ ಸಿಗಬೇಕು, ಕಲ್ಲಿದ್ದಲು ಉರಿಸುತ್ತಾರೆ, ಚಳಿಗಾಲದಲ್ಲಿ ಊರೆಲ್ಲ ಹೊಗೆ. 2019ರಲ್ಲಿ ಕಚ್ಚಾ ಕಲ್ಲಿದ್ದಲು ನಿಲ್ಲಿಸಿ ಸಂಸ್ಕರಿಸಿದ ಕಲ್ಲಿದ್ದಲಿನ ಉಂಡೆ ಕೊಟ್ಟರು, ಹೊಗೆ ಪೂರ್ತಿ ಹೋಗಿಲ್ಲ. ಹುಲ್ಲುಗಾವಲಿನಲ್ಲಿ ಎಷ್ಟು ಜಾಣತನದ ಮನೆಯೋ, ಒಂದೇ ಕಡೆ ಸಾವಿರಾರು ಸೇರಿದರೆ ಅಷ್ಟೇ ಕಷ್ಟ.

ಗೆರ್‌ಗೆ ಹೋದರೆ ಹೇಗೆ ನಡೆದುಕೊಳ್ಳಬೇಕು?

ಬಾಗಿಲು ತಟ್ಟುವ ಪದ್ಧತಿ ಇಲ್ಲ. ದೂರದಿಂದಲೇ "ನೊಖೋಯ್ ಖೋರ್!" ಅಂತ ಕೂಗಬೇಕು. "ನಾಯಿ ಹಿಡಿಯಿರಿ" ಅಂತ ಅರ್ಥ. ನಾಯಿ ಇಲ್ಲದಿದ್ದರೂ ಕೂಗುತ್ತಾರೆ, ನಮ್ಮ "ಯಾರಿದ್ದೀರಿ ಮನೇಲಿ" ಇದ್ದ ಹಾಗೆ. ಹೊಸ್ತಿಲು ತುಳಿಯಬೇಡಿ, ಇದನ್ನು ನಮಗೆ ಹೇಳಿಕೊಡಬೇಕಾಗಿಲ್ಲ. ಒಳಗೆ ಎಡದಿಂದ ಸುತ್ತಿಕೊಂಡು ಹೋಗಿ, ಎರಡು ಕಂಬಗಳ ನಡುವೆ ನುಸುಳಬೇಡಿ, ಸಿಳ್ಳೆ ಹಾಕಬೇಡಿ, ಒಲೆಯ ಕಡೆ ಕಾಲು ಚಾಚಬೇಡಿ. ಕೊಟ್ಟದ್ದನ್ನು ಬಲಗೈಯಲ್ಲಿ ಅಥವಾ ಎರಡೂ ಕೈಯಲ್ಲಿ ತೆಗೆದುಕೊಳ್ಳಿ. ಬೇಡದಿದ್ದರೂ ತುಟಿಗೆ ಮುಟ್ಟಿಸಿ ಕೆಳಗಿಡಿ.

ಬಂದ ಕೆಲಸ ತಕ್ಷಣ ಹೇಳಬೇಡಿ. ಮೊದಲು ಮಾತು ಕಾಲದ್ದು: ವಸಂತವಾದರೆ ವಸಂತ ಸುಖವಾಗಿ ಕಳೆಯುತ್ತಿದೆಯಾ, ದನ ಕುರಿ ಮೈ ತುಂಬಿಕೊಂಡಿವೆಯಾ. ಹಿಂಡು ಬಡಕಲಾಗಿದ್ದರೂ ಅವರು "ಚೆನ್ನಾಗಿದೆ" ಅಂತಲೇ ಹೇಳುತ್ತಾರೆ, ಚಹಾ ಇಳಿದ ಮೇಲೆ ನಿಜ ಹೊರಗೆ ಬರುತ್ತದೆ.